ಕಿರಣದಡಿಯ ಊರು

ಭೂಮಿ ದುಂಡಗಿದೆ ಅನ್ನುವುದಕ್ಕೆ
ನಮ್ಮೂರೇ ಸಾಕ್ಷಿ, ಅನ್ನುತ್ತಾಳೆ ವರ್ಲಾ ಟ್ವೆಟನ್:
ನೂರಿಪ್ಪತ್ತು ಮೈಲಿಯಾಚೆ ಹೊರಟ ರಾಡಾರ್ ಕಿರಣ
ಇಲ್ಲಿಗೆ ಬರುವಷ್ಟರಲ್ಲಿ
ನೆತ್ತಿಯಿಂದ ಎರಡು ಮೈಲಿಗೂ ಎತ್ತರ.
ಅದರಡಿ ಏನು ಸುರಿದರೂ ತೆರೆ ಖಾಲಿ.

ಮುಂಗಾಣ್ಕೆಯ ನಕ್ಷೆಯಲ್ಲೂ
ಮೊಂಟಾನಾದ ಈ ಮೂಲೆ ಬರೀ ಬಿಳಿ.
ಹೆಚ್ಚು ಬಂದೀತು, ಕಡಿಮೆ ಬಂದೀತು,
ವಾಡಿಕೆಯಷ್ಟೇ ಬಂದೀತು.
ಇಷ್ಟನ್ನು ನನ್ನ ಕುರಿಯೂ ಹೇಳೀತು.

ದಿನಾ ಬೆಳಿಗ್ಗೆ ಏಳಕ್ಕೆ
ಮಳೆಮಾಪಕದ ಕಡ್ಡಿ ಎತ್ತಿ
ಒದ್ದೆ ಎಲ್ಲಿಯವರೆಗೆಂದು ಫೋನು ಮಾಡುವವಳು
ಜೂನಿನ ಆ ಸಂಜೆ ಏಳಕ್ಕೆ ಕಾಯಲಿಲ್ಲ.
"ಆಲಿಕಲ್ಲು."
"ಇಲ್ಲೇನೂ ಕಾಣ್ತಿಲ್ಲವಲ್ಲ, ಮೇಡಂ," ಅಂದ ಹೊಸ ಹುಡುಗ.
ರಿಸೀವರನ್ನು ಕಿಟಕಿಯಾಚೆ ಹಿಡಿದಳು,
ತಗಡಿನ ಮಾಡೇ ಮಾತಾಡಲಿ ಎಂದು.

ಒಂದು ಕಲ್ಲು ಇನ್ನೂ ಫ್ರೀಜರಿನಲ್ಲಿದೆ,
ಬಟಾಣಿ ಪೊಟ್ಟಣದ ಪಕ್ಕ.
ಆ ಹುಡುಗ ಈ ಕಡೆ ಬಂದರೆ
ಅಂಗೈಗೆ ಕೊಡಬೇಕಂತೆ.