ತೂಕಕ್ಕೆ ಬಂದ ಪುಸ್ತಕಗಳು

ಅರಗಾದ ಕ್ವಾರ್ಟರ್ಸಿನಿಂದ ಬದಲಿಯಾಗಿ ಹೋಗುವವರು
ಫ್ರಿಜ್ಜು ಒಯ್ಯುತ್ತಾರೆ, ನಾಯಿ ಒಯ್ಯುತ್ತಾರೆ,
ಪುಸ್ತಕ ಮಾತ್ರ ನನಗೆ ತೂಕಕ್ಕೆ ಹಾಕುತ್ತಾರೆ,
ಕಿಲೋಗೆ ಹದಿನಾಲ್ಕು ರೂಪಾಯಿ.
ಹಾಗೆ ಬಂದವು ಈ ಹನ್ನೊಂದು, ಎಲ್ಲ ಪೋಕರಿನವು.
ಕೋಡಿಬಾಗದಲ್ಲಿ ಮಧ್ಯಾಹ್ನ ನನ್ನ ರದ್ದಿ ಅಂಗಡಿಗೆ
ನೊಣ ಬಿಟ್ಟರೆ ಗಿರಾಕಿಯಿಲ್ಲ.
ಹನ್ನೊಂದನ್ನೂ ಓದಿ ಮುಗಿಸಿದೆ,
ದುಡ್ಡಿಟ್ಟು ಒಂದು ಎಲೆಯನ್ನೂ ಎತ್ತದವಳು.

ಶುಕ್ರವಾರ ಇನಾಸ ಬಂದು ನಿಂತ.
ಬೈತಖೋಲದಲ್ಲಿ ಐಸು ಒಡೆಯುವವ,
ಬೆರಳ ತುದಿ ಸದಾ ಬೆಳ್ಳಗೆ, ಸುಕ್ಕು.
ಶನಿವಾರ ಸಂಜೆ ಬಸ್ಸು ಹತ್ತಿ ಪಣಜಿಗೆ ಹೋಗಿ
ಎಲ್ಲಿಗೂ ಹೋಗದ ಹಡಗಿನಲ್ಲಿ ರಾತ್ರಿಯಿಡೀ ಕೂತು
ಇಗರ್ಜಿಯ ಗಂಟೆಗೆ ಸರಿಯಾಗಿ ಕಾಳಿ ಸೇತುವೆ ದಾಟುವವ.
‘ಗೆಲ್ಲುವ ಪುಸ್ತಕ ಯಾವುದಕ್ಕಾ?’

ಗೆಲ್ಲುವ ಪುಸ್ತಕ ಗೆದ್ದವನ ಮನೆಯಲ್ಲಿದೆ ಮಾರಾಯ.
ಇಲ್ಲಿರುವುದು ಬಿಟ್ಟುಹೋದವು.

ಇವನನ್ನು ನೋಡು, ನೋಟಿನ ರಾಶಿಯ ಹಿಂದೆ
ಕಪ್ಪು ಕನ್ನಡಕ, ಹಲ್ಲು ಕಿಸಿದು ನಿಂತಿದ್ದಾನೆ.
ಕೆಳಗಿಡು.
ಆ ರಾಶಿ ಈ ಪುಸ್ತಕ ಕೊಂಡವರದ್ದು.
ಇವನ ಕಥೆಗಳೆಲ್ಲ ಜೋಡಿ ಎಕ್ಕದಿಂದಲೇ ಶುರು.
ನಿನಗೆ ಬೆಳಗಿನ ತನಕ ಬರುವುದು
ಕಳಾವರ್ ಏಳು, ಆಟೀನು ಎರಡು.
ಆ ಏಳು-ಎರಡರ ಬಗ್ಗೆ ಏನೆನ್ನುತ್ತಾನೆ, ಹುಡುಕು.
ಏನೂ ಅನ್ನದವನು
ನಿನ್ನ ಜೊತೆ ಬಸ್ಸಿನಲ್ಲಿ ಬಂದವನಲ್ಲ.

ದಪ್ಪದ್ದು ಬರೀ ಲೆಕ್ಕ. ಹೆದರಬೇಡ.
ಬಿಸಿಲೇರಿದಂತೆ ಬಂಗಡೆಯ ದರ ಎಷ್ಟು ಇಳಿಸುವುದು,
ಎದುರಿನವಳ ಬುಟ್ಟಿಯಲ್ಲಿ ಇನ್ನೆಷ್ಟು ಉಳಿದಿದೆ,
ಮೀನು ಮೂಸಿ ನೋಡಿದವಳು ತಿರುಗಿ ಬಂದಾಳೇ,
ನಿನ್ನ ತಾಯಿ ಇದನ್ನೆಲ್ಲ
ಕವಳ ಜಗಿಯುತ್ತಲೇ ಕೂಡಿ ಕಳೆಯುತ್ತಾಳಲ್ಲ,
ಅದೇ ಇದು. ಇವರು ಗೆರೆ ಹೊಡೆದು ಕೋಷ್ಟಕ ಮಾಡಿದ್ದಾರೆ.

ಇದು ಮುಖ ಓದುವುದನ್ನು ಕಲಿಸುವಂಥದ್ದು:
ಕಾಲು ಕುಣಿಸಿದರೆ ಒಳ್ಳೆಯ ಎಲೆ,
ಮೂಗು ತುರಿಸಿದರೆ ಸುಳ್ಳು.
ಒಂದು ವಾರ ಗಿರಾಕಿಗಳ ಮೇಲೆ ಪ್ರಯೋಗ ಮಾಡಿದೆ.
ಮೂಗು ಎಲ್ಲರೂ ತುರಿಸಿದರು,
ಹಳೇ ಕಾಗದದ ಧೂಳು.

ಇನ್ನೊಂದು ಉಪಾಯ ಹೇಳುತ್ತೇನೆ,
ಪೆನ್ಸಿಲ್ ಗೆರೆ ಎಲ್ಲಿಗೆ ನಿಂತಿದೆ ನೋಡು.
ಇದರಲ್ಲಿ ಹನ್ನೆರಡನೇ ಪುಟ, ಇದರಲ್ಲಿ ಒಂಬತ್ತು,
ಇದರಲ್ಲಿ ಹಾಳೆಗಳೇ ಬಿಡಿಸಿಕೊಂಡಿಲ್ಲ.
ಈ ತೆಳ್ಳನೆಯದರಲ್ಲಿ ಮಾತ್ರ ಕೊನೆಯ ತನಕ
ಯಾರೋ ಅಂಚಿನಲ್ಲಿ ಜಗಳ ಕಾದಿದ್ದಾನೆ,
ಮಲಯಾಳದ ದುಂಡು ಅಕ್ಷರ.
ಆಸ್ಪತ್ರೆಯ ನರ್ಸಿಗೆ ತೋರಿಸಿ ಓದಿಸಿದೆ.
ಎಪ್ಪತ್ತನೇ ಪುಟದಲ್ಲಿ ‘ಶುದ್ಧ ಸುಳ್ಳು’ ಅಂತಿದೆಯಂತೆ,
ಅದರ ಕೆಳಗೆ, ಬೇರೆ ಶಾಯಿಯಲ್ಲಿ,
‘ಅಲ್ಲ. ತಪ್ಪು ನನ್ನದೇ.’

‘ಆ ಪುಟದಲ್ಲಿ ಏನಿದೆ?’

ಸರಿಯಾಗಿ ಆಡಿಯೂ ಸೋಲುತ್ತೀ, ಅಂತಿದೆ.

ಇನಾಸ ರಸ್ತೆಯ ಕಡೆ ನೋಡಿದ.
ಟೆಂಪೋ ಒಂದು ನೀರು ಸುರಿಸಿಕೊಂಡು ಹೋಯಿತು.
‘ಬಲೆ ಸರಿ, ನೀರು ಸರಿ, ಹೊತ್ತು ಸರಿ,
ಎಳೆದರೆ ಬರೀ ಲೋಳೆಮೀನು.
ಅಂಥ ದಿವಸ ತಾಂಡೇಲನಿಗೆ ಯಾರೂ ಬೈಯಬಾರದು.’

ಎಲ್ಲೆಂದರಲ್ಲಿ ಎಸೆದೂ ಬಲೆ ತುಂಬಿ ಬಂದರೆ?

ಬಹಳ ಹೊತ್ತು ಸುಮ್ಮನಿದ್ದ.
‘ಅವತ್ತು ಬೈಯಬೇಕು,’ ಅಂದ.
‘ಅವತ್ತು ಯಾರೂ ಬೈಯುವುದಿಲ್ಲ.’

ಹನ್ನೊಂದರಲ್ಲಿ ಹತ್ತು ಇಷ್ಟನ್ನು ಹೇಳಿರಲಿಲ್ಲ.
ಹೇಳಿದ ಒಂದನ್ನು ಅಂಗಿಯ ತುದಿಯಿಂದ ಒರೆಸಿ
‘ಎಷ್ಟು?’ ಅಂದ.

ನೂರಿಪ್ಪತ್ತು.
ಇರುವುದೇ ಒಂದು ಪ್ರತಿ,
ನಿನ್ನೆ ಇನ್ನೊಬ್ಬ ಬಂದು ಕೇಳಿ ಹೋಗಿದ್ದಾನೆ,
ಅಂದೆ. ಮೂಗು ತುರಿಸಿತು.

ಇನಾಸ ನನ್ನ ಕೈಯನ್ನೇ ನೋಡುತ್ತಿದ್ದ.

ಧೂಳು ಮಾರಾಯ, ಅಂದೆ.

ಒದ್ದೆಯಾದ ಅರವತ್ತು ರೂಪಾಯಿ ತಕ್ಕಡಿಯ ಮೇಲಿಟ್ಟ,
ಇನ್ನೊಂದು ಕೈ ಕಿಸೆಯಿಂದ ಹೊರಗೆ ಬರಲೇ ಇಲ್ಲ.
ಇನ್ನೂರ ಎಂಬತ್ತು ಗ್ರಾಂ ಪುಸ್ತಕ,
ನನಗೆ ಬಿದ್ದದ್ದು ನಾಲ್ಕು ರೂಪಾಯಿ ಚಿಲ್ಲರೆ.
ಅದು ಯಾವ ಪುಟದಲ್ಲೂ ಬರೆದಿರಲಿಲ್ಲ,
ಆದರೂ ಓದಿಬಿಟ್ಟಿದ್ದ.