ಒಂದೂಮುಕ್ಕಾಲು ಗ್ರಾಂ

ವೂಚ್: ಈ ಊರಿನ ಹೆಸರಿಗೆ ದೋಣಿ ಎಂದರ್ಥ.
ನದಿಗಳನ್ನೆಲ್ಲ ಎಂದೋ ನೆಲದಡಿಯ ಕೊಳವೆಗೆ ತಳ್ಳಿ
ಮೇಲೆ ಟ್ರಾಮು ಓಡಿಸಿದ್ದಾರೆ.
ಮೂರನೆಯ ಮಹಡಿ. ಲಿಫ್ಟಿಲ್ಲ.
ನನ್ನ ಚೀಲದಲ್ಲಿ ರಸಮಟ್ಟ, ಮುಳ್ಳಿನ ಭಾರ ತೂಗುವ ತಕ್ಕಡಿ,
ಹೊಸ ಬೆಲ್ಟು, ಹೊಸ ಕಾರ್ಟ್ರಿಜ್ಜು, ಎರಡು ಜೊತೆ ಕನ್ನಡಕ.

ಬಾಗಿಲು ತೆರೆದ ಜೆನೋಬಿಯಾ ವಿಲ್ಚೆಕ್
ಮೂವತ್ತೊಂದು ವರ್ಷ ಗಿರಣಿಯಲ್ಲಿ ಮಗ್ಗ ನೋಡಿಕೊಂಡವರು,
ಒಬ್ಬರಿಗೆ ಹನ್ನೆರಡು ಮಗ್ಗ.
ಜೋರಾಗಿ ಹೇಳಿ ಎನ್ನಲಿಲ್ಲ; ನನ್ನ ತುಟಿ ನೋಡಿದರು.
"ಬಾಕಿ ಪಿಂಚಣಿ ಬಂದಿದೆ. ಒಳ್ಳೆಯದನ್ನೇ ಹಾಕಿ."

ಹಳೆಯ ಪ್ಲೇಯರು ಓಕ್ ಬೀರುವಿನ ಮೇಲೆ,
ಅದಕ್ಕೆ ಒತ್ತಿಕೊಂಡೇ ಸ್ಪೀಕರುಗಳು;
ಒಂದೇ ಹಲಗೆಯ ಮೇಲೆ ಕಳ್ಳನೂ ಕಾವಲುಗಾರನೂ.
ಟ್ರಾಮು ಹೋದರೆ ಮುಳ್ಳು ಹಾರುತ್ತದೆ.
ಡೋಲು ಬಡಿದರೆ ಹಲಗೆ ನಡುಗಿ, ನಡುಕ ಮುಳ್ಳಿಗೇರಿ,
ಮುಳ್ಳಿನಿಂದ ಮತ್ತೆ ಡೋಲಿಗೆ,
ಬಾಯಿಂದ ಬಾಯಿಗೆ ಊದಿಕೊಳ್ಳುವ ಚಾಡಿಯ ಹಾಗೆ.
ಆ ಯಂತ್ರದ ಪರವಾಗಿ ನನಗೇ ನಾಚಿಕೆಯಾಯಿತು.

ಕೆಲಸಕ್ಕೆ ಕೂತೆ.
ಗೋಡೆಗೆ ಕಬ್ಬಿಣದ ಕೈ ಹೊಡೆದು, ಮೇಲೊಂದು ಕರಿಕಲ್ಲ ಚಪ್ಪಡಿ
(ಸಮಾಧಿಕಲ್ಲು ಕೆತ್ತುವವನಲ್ಲಿ ಉಳಿದ ತುಂಡು, ಅಗ್ಗ),
ಚಪ್ಪಡಿಯ ಮೇಲೆ ಹೊಸ ಟರ್ನ್‌ಟೇಬಲ್.
ರಸಮಟ್ಟದ ಗುಳ್ಳೆ ನಡುಗೆರೆಗೆ ಬರುವ ತನಕ
ಒಂದೊಂದು ಕಾಲನ್ನೂ ಕಾಲು ಸುತ್ತು, ಅರೆ ಸುತ್ತು
ತಿರುಗಿಸುತ್ತ ಉಸಿರು ಹಿಡಿದೆ.
ಹಿಂದಣ ತೂಕ ಸರಿಸಿ ಸರಿಸಿ
ತೋಳು ಗಾಳಿಯಲ್ಲಿ ತೇಲಿದ ಮೇಲೆ
ಭಾರ ಕೊಟ್ಟೆ: ಒಂದೂಮುಕ್ಕಾಲು ಗ್ರಾಂ.
ಮೂರು ಒಣದ್ರಾಕ್ಷಿ, ಅಷ್ಟೆ.
ಗುಂಯ್ ಎಂದಿತು; ಅರ್ಥಿಂಗ್ ತಂತಿ ಕಟ್ಟಿದೆ; ಸುಮ್ಮನಾಯಿತು.
ಸ್ಪೀಕರುಗಳನ್ನು ಬೀರುವಿನಿಂದಿಳಿಸಿ
ರಬ್ಬರು ಪಾದದ ಸ್ಟ್ಯಾಂಡುಗಳ ಮೇಲೆ ದೂರ ದೂರ ನಿಲ್ಲಿಸಿದೆ.

ಅವರದೊಂದು ಹಳೆಯ ವಾಲ್ಟ್ಸ್ ತಟ್ಟೆ.
ಮುಳ್ಳು ಇಳಿಯಿತು.
ಅಬ್ಬಾ, ಹಾಡಿಗೆ ಮುಂಚಿನ ಆ ಮೌನ!
ಬಾವಿಗೆ ಕಲ್ಲೆಸೆದು ಕಾಯುವ ಹೊತ್ತಿನಂಥದು.
ಆಮೇಲೆ ಅಕಾರ್ಡಿಯನ್ ಉಸಿರೆಳೆದುಕೊಂಡದ್ದು,
ನುಡಿಸುವವನ ಕುರ್ಚಿ ಕಿರುಗುಟ್ಟಿದ್ದು ಕೂಡ ಕೇಳಿಸಿತು.
ಕೆಳಗೆ ಟ್ರಾಮು ಹೋಯಿತು. ಮುಳ್ಳು ಕದಲಲಿಲ್ಲ.
ಬಹುಮಾನ ಬಂದ ಹುಡುಗನ ಹಾಗೆ ತಿರುಗಿ ನೋಡಿದೆ.

ಅವರು ಬರಿದಾದ ಬೀರುವಿನ ಮೇಲೆ ಎರಡೂ ಅಂಗೈ ಊರಿ
ಕಣ್ಣು ಮುಚ್ಚಿ ನಿಂತಿದ್ದರು.
ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:
"ಯಾವಾಗ ಶುರು ಮಾಡುತ್ತೀರಿ?"

ಹಾಡು ಅರ್ಧ ಮುಗಿದಿತ್ತು.

ಗಿರಣಿಯಲ್ಲಿ, ಅಂದರು, ಮೊದಲ ಐದು ವರ್ಷಕ್ಕೇ ಕಿವಿ ಹೋಗುತ್ತದೆ.
ಆಮೇಲೆ ಚೌಕಟ್ಟಿನ ಮೇಲೆ ಕೈಯಿಟ್ಟರೆ ಸಾಕು,
ಏಳನೆಯ ಮಗ್ಗದಲ್ಲಿ ಎಳೆ ಕಡಿದದ್ದು
ಮೂರನೆಯದರ ಹತ್ತಿರವೇ ಗೊತ್ತಾಗುತ್ತಿತ್ತು.
"ಈ ಹಲಗೆಯೂ ಹಾಗೇ. ಇಲ್ಲಿ ಡೋಲು," ಬಲ ಅಂಗೈಯ ಬುಡ ತೋರಿಸಿದರು.
"ಇಲ್ಲಿ ಆ ಹುಡುಗಿ ಹಾಡುತ್ತಾಳೆ," ಕಿರುಬೆರಳ ತುದಿ.
"ನಡುವೆ ಟ್ರಾಮು ಬರುತ್ತದೆ. ಬರಲಿ ಬಿಡಿ, ಅದೂ ಊರಿನದೇ."

ಇಪ್ಪತ್ತಾರು ವರ್ಷ ಕಂಪನವನ್ನು
ಮನೆ ಮನೆಯಿಂದ ಹೊರಗಟ್ಟಿದವನು ನಾನು,
ರಬ್ಬರು, ಸ್ಪ್ರಿಂಗು, ಮರಳು ತುಂಬಿದ ಪೆಟ್ಟಿಗೆ ಹಿಡಿದು.
ಆ ಮಧ್ಯಾಹ್ನ ಕಳ್ಳನನ್ನು ಕೈಹಿಡಿದು ಒಳಗೆ ಕರೆದೆ:
ಸ್ಪೀಕರುಗಳನ್ನು ಮತ್ತೆ ಬೀರುವಿಗೇರಿಸಿ
ನಾಲ್ಕು ನಾಲ್ಕು ಸ್ಕ್ರೂ ಜಡಿದೆ, ನೇರ ಮರಕ್ಕೆ.
ಕೆಲಸ ಕಲಿಸಿದವರು ನೋಡಿದ್ದರೆ
ಸ್ಕ್ರೂಡ್ರೈವರು ಕಸಿದುಕೊಳ್ಳುತ್ತಿದ್ದರು.
ಮುಳ್ಳು ಮಾತ್ರ ಗೋಡೆಯ ಕಲ್ಲಿನ ಮೇಲೆಯೇ ಇರಲಿ ಎಂದು ಬಿಟ್ಟೆ.

ಮೊದಲಿಂದ ಹಾಕಿದೆ.
ಅವರ ಹುಬ್ಬು ಮೇಲೇರಿತು.
"ಇದೇನಿದು, ಈ ಕಡೆ, ಉಂಗುರದ ಬೆರಳಲ್ಲಿ?
ಇಷ್ಟು ವರ್ಷ ಇರಲಿಲ್ಲವಲ್ಲ!"
ಕಿವಿಗೊಟ್ಟೆ. ಡಬಲ್ ಬಾಸು, ಎಲ್ಲರ ಹಿಂದೆ, ತೀರ ಮೆಲ್ಲಗೆ.
ಅದರ ಹೆಸರು ಹೇಳಬೇಕೆಂದು ಬಾಯಿ ತೆರೆದವನು
ಹೇಳದೆ
ಅವರ ಪಕ್ಕದಲ್ಲಿ ನಾನೂ ಅಂಗೈ ಊರಿದೆ.

ರಬ್ಬರು ಪಾದದ ದುಡ್ಡು ಬಿಲ್ಲಿನಿಂದ ಕಳೆಯುತ್ತಿದ್ದಾಗ
ಹಲಗೆಯ ಮೇಲಿನ್ನೂ ಕೈಯಿಟ್ಟಿದ್ದ ಅವರು ಅಂದರು:
"ಐದೂ ನಲವತ್ತರದು. ಇವತ್ತು ತಡ."