ಹನ್ನೊಂದನೇ ಮಂಚ

ರಾತ್ರಿ ಪಾಳಿ. ಹೆಂಗಸರ ವಾರ್ಡಿನಲ್ಲಿ
ಕಡೆಯ ಸಲಾಯಿನ್ ಬದಲಿಸಿ, ಕೈ ತೊಳೆದು
ಸುಲಭಾ ತಾಂಡೇಲ ಕರೆಯುತ್ತಾಳೆ:
"ನಾಗಮ್ಮಕ್ಕ, ಬಾ, ಸ್ವಲ್ಪ ರೋಗಿಯಾಗು."

ಪೊರಕೆ ಗೋಡೆಗೆ ಒರಗಿಸಿ
ಖಾಲಿ ಇರುವ ಹನ್ನೊಂದನೇ ಮಂಚದಲ್ಲಿ ಕೂರುತ್ತೇನೆ.
ನಾನು ಯಾರೆಂದು ಅವಳ ಚೀಟಿ ಹೇಳುತ್ತದೆ:
ವಯಸ್ಸು ಅರುವತ್ತೆರಡು, ಸಕ್ಕರೆ ಕಾಯಿಲೆ,
ಸೂಜಿಯೆಂದರೆ ಹೆದರಿಕೆ, ಒಬ್ಬಳೇ ವಾಸ,
ಹೆಸರು ಮಿಸೆಸ್ ಎಂತದೋ, ನಾಲಿಗೆ ಹೊರಳದು.

ಮೂರು ನಿಮಿಷ ಓದಬೇಕು, ಐದು ನಿಮಿಷ ಮಾತಾಡಬೇಕು.
ಮೊಬೈಲಿನಲ್ಲಿ ಗಂಟೆ ಇಡುತ್ತಾಳೆ.
"ಸೂಜಿ ಬೇಡ ತಂಗಿ, ಕಷಾಯ ಇದ್ರೆ ಕೊಡು"
ನಾನು ನನ್ನ ಮಾತಿನಲ್ಲಿ.
ಅವಳು ಇಂಗ್ಲಿಷಿನಲ್ಲಿ, ನಿಧಾನಕ್ಕೆ,
ಅವಳಪ್ಪ ಬೈತಕೋಲದ ಧಕ್ಕೆಗೆ ಬೋಟು ತಾಗಿಸುವಾಗ
ಎರಡು ಸಲ ಹಿಂದೆ ಸರಿದು ಹಗ್ಗ ಎಸೆಯುವಂತೆ.

ಇಂಗ್ಲಿಷು ನನಗೆ ಬಾರದು.
ಆದರೂ ಅಂಕ ಕೊಡುವವಳು ನಾನೇ.
"ಐ ಅಂಡರ್‌ಸ್ಟ್ಯಾಂಡ್" ಎಂದು ಬಾಯಿ ಹಾಕಿದರೆ ತಡೆಯುತ್ತೇನೆ:
ಇಷ್ಟು ಬೇಗ ಅರ್ಥ ಆಯ್ತು ಅಂದ್ರೆ
ಯಾವ ಮುದುಕಿ ನಂಬ್ತಾಳೆ ಮಾರಾಯ್ತಿ?
ಅವಳು ನಗುತ್ತಾಳೆ. ಮತ್ತೆ ಮೊದಲಿಂದ.

ಕಳೆದ ಸಲ ಒಂದು ಮೆಟ್ಟಿಲಲ್ಲಿ ತಪ್ಪಿತ್ತು, ಬರವಣಿಗೆಯಲ್ಲಿ.
ಈ ಸಲದ ಫೀಸಿಗೆ
ಬಲಗೈ ಬಳೆ ಸೊಸೈಟಿಯಲ್ಲಿ ಕೂತಿದೆ.
ನಲವತ್ತು ನಿಮಿಷ, ಇನ್ನೂರು ಶಬ್ದ,
ಕಾಣದ ಡಾಕ್ಟರಿಗೆ ಕಾಣದ ರೋಗಿಯ ಬಗ್ಗೆ ಪತ್ರ.
ಟಿಪ್ಪಣಿ ಮಾತ್ರ ಎರಡು ಪುಟ:
ಗಂಡ ತೀರಿ ಆರು ವರ್ಷ, ಹಿತ್ತಲಲ್ಲಿ ಗುಲಾಬಿ,
ಒಂದು ಬೆಕ್ಕು.

ಬೆಕ್ಕಿಗೆ ಗೀಟು ಎಳೆದಳು.
"ಅದಕ್ಕೆ ಅನ್ನ ಹಾಕುವವರು ಯಾರು ಹಾಗಾದರೆ?"
"ಓದುವವರಿಗೆ ಬೆಕ್ಕು ಬೇಡ ಅಕ್ಕ,
ಬೇಡದ್ದು ಬರೆದರೆ ಅಂಕ ಹೋಗ್ತದೆ."
ನಾನು ಸುಮ್ಮನಾದೆ.
ಇಪ್ಪತ್ತೆರಡು ವರ್ಷ ಗುಡಿಸಿದ್ದೂ ಬೇಡದ್ದನ್ನೇ.
ಆ ಕಸದಲ್ಲೇ ಒಮ್ಮೆ
ಬಾಣಂತಿಯ ಮೂಗುತಿ ಸಿಕ್ಕಿತ್ತು.

ಒಂದು ರಾತ್ರಿ ಮೊಬೈಲು ನನ್ನ ಎಡಗಡೆ, ದಿಂಬಿನ ಬುಡದಲ್ಲಿತ್ತು.
ಗಂಟೆ ಬಡಿಯಿತಂತೆ.
ನಾನು ಸೂಜಿಯ ಹೆದರಿಕೆ ಹೇಳುತ್ತಲೇ ಇದ್ದೆ,
ಅದು ಬಡಿಯುತ್ತಲೇ ಇತ್ತಂತೆ.

ಅವಳು ಚೀಟಿ ಮಗುಚಿಟ್ಟಳು.
ಎದ್ದು ಬಂದು ನನ್ನ ಬಲಕ್ಕೆ ಕೂತಳು.
ಚೀಟಿಯಲ್ಲಿಲ್ಲದ ಪ್ರಶ್ನೆ, ಅದೂ ಇಂಗ್ಲಿಷಿನಲ್ಲಲ್ಲ:
"ಎಷ್ಟು ದಿನ ಆಯ್ತು?"

ದಿನ ಎಲ್ಲಿ, ಬರುವ ಕಾರ್ತಿಕಕ್ಕೆ ಮೂರು ವರ್ಷ.
ಗುತ್ತಿಗೆ ಕೆಲಸ ನನ್ನದು,
ಏಪ್ರಿಲಿಗೊಮ್ಮೆ ಹೆಸರು ಹೊಸದಾಗಿ ಬರೆಸಬೇಕು.
ಕರೆದರೆ ಕೇಳದವಳ ಹೆಸರು ಯಾರು ಬರೆದಾರು?
ತಲೆ ವಾರೆ ಮಾಡಿ, ತುಟಿ ನೋಡಿ,
ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ.

ಆ ರಾತ್ರಿ ಅವಳು
"ಐ ಅಂಡರ್‌ಸ್ಟ್ಯಾಂಡ್" ಅನ್ನಲಿಲ್ಲ.
ಬಹಳ ಹೊತ್ತು ಏನೂ ಅನ್ನಲಿಲ್ಲ.
ಕಿಟಕಿಯಾಚೆ ಯಾವುದೋ ಲಾರಿ
ಕಾಳಿ ಸೇತುವೆಯ ಕಡೆ ಹೋಯಿತು.
ನಾನು ಒಂದೇ ಕಿವಿಯಲ್ಲಿ ಕೇಳಿದೆ.

ಆಮೇಲೆ ಬಿಳಿ ಹಾಳೆ, ನೀಲಿ ಪೆನ್ನು.
ಕಿವಿಯ ಡಾಕ್ಟರಿಗೆ ಪತ್ರ.
ಅಭ್ಯಾಸ ಬಿಡಬಾರದೆಂದು ಗಂಟೆಯನ್ನೂ ಇಟ್ಟಳು,
ಮೂವತ್ತೊಂದು ನಿಮಿಷಕ್ಕೆ ಮುಗಿಸಿದಳು.
ಬಲಗಿವಿಗೆ ಬಾಯಿ ತಂದು ಓದಿ, ಅರ್ಥ ಹೇಳಿದಳು.
ಕೊನೆಗೆ ಒಂದು ಸಾಲು:
ಈಕೆ ದಿನಾ ರಾತ್ರಿ ನನ್ನ ಮಾತು ಕೇಳುತ್ತಾಳೆ.

"ಅದನ್ನು ಹೊಡೆದು ಹಾಕು, ಅಂಕ ಹೋಗ್ತದೆ."
"ಹೋಗಲಿ" ಅಂದಳು.

ಡಾಕ್ಟರು ಪತ್ರವನ್ನು ಸ್ಟೆತಸ್ಕೋಪಿನ ಅಡಿಗೆ ಸರಿಸಿದರು,
ಓದಲಿಲ್ಲ.
"ಎಂತಾ ಆಯ್ತು ನಾಗಮ್ಮ?"

ಬಲಗಿವಿ ಅವರ ಕಡೆ ಮಾಡಿ ಕೂತೆ.
ರೋಗಿಯಾಗಿ ನನಗೀಗ ನಾಲ್ಕು ತಿಂಗಳ ಅನುಭವ.
ಎಲ್ಲಿಂದ ಶುರು ಮಾಡಬೇಕೋ ಅಲ್ಲಿಂದಲೇ ಶುರು ಮಾಡಿ
ಎಲ್ಲಾ ಹೇಳಿದೆ,
ಬೆಕ್ಕಿನದ್ದೊಂದು ಬಿಟ್ಟು.